ಅನುಕಂಪ ಸಾಕು, ಅನುಕೂಲ ಬೇಕು



ನಮ್ಮ ಮನೆಯಲ್ಲೋ, ನೆರೆಮನೆಯಲ್ಲೋ, ತವರಿನ ಬಂಧುಬಳಗದಲ್ಲೋ ಒಬ್ಬರಾದರೂ ವಿಕಲಚೇತನರು ಇದ್ದೇ ಇರುತ್ತಾರೆ. ಕಾಲಿನಲ್ಲಿ ಶಕ್ತಿಯಿಲ್ಲದ ತಂಗಿ, ಕಿವಿ ಕೇಳದ ಹುಡುಗ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಹಿರಿಯರು, ಬುದ್ಧಿ ಬೆಳವಣಿಗೆ ನಿಧಾನವಾದ ಪಕ್ಕದ ಮನೆಯ ಹುಡುಗಿ. ಮದುವೆಗೋ ಹಬ್ಬಕ್ಕೋ ಹೋದಾಗ ಅವರನ್ನು ಕಂಡರೆ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ರೀತಿಯವು. ‘ಹುಟ್ಟಿದಾಗಿನಿಂದಲೇ ಹೀಗಾ?’ ‘ಯಾವ ಡಾಕ್ಟರಿಗೆ ತೋರಿಸಿದಿರಿ?’ ‘ಪಿಂಚಣಿ ಬರುತ್ತಾ?’ ‘ಮುಂದೆ ಯಾರು ನೋಡಿಕೊಳ್ತಾರೆ?’ ಎಲ್ಲವೂ ಪ್ರೀತಿಯಿಂದ ಕೇಳುವ ಪ್ರಶ್ನೆಗಳೇ. ಆದರೆ ‘ಏನು ಕೆಲಸ ಮಾಡ್ತಾಳೆ?’ ಎಂದು ಕೇಳುವವರು ಅಪರೂಪ. ‘ಕೆಲಸ ಮಾಡಲು ಅವಳಿಗೆ ಏನು ಅನುಕೂಲ ಬೇಕು?’ ಎಂದು ಕೇಳುವವರು ಇನ್ನೂ ಅಪರೂಪ. ನಾನು ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಕೊನೆಯ ಪ್ರಶ್ನೆಯ ಬಗ್ಗೆ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಕರ್ನಾಟಕದಲ್ಲೇ 13.24 ಲಕ್ಷ. ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಡೀ ದೇಶದ ವಿಕಲಚೇತನರಲ್ಲಿ ದುಡಿಮೆಯಲ್ಲಿದ್ದವರು ಶೇ. 36 ಮಂದಿ. ಗಂಡಸರಲ್ಲಿ ಶೇ. 47, ಹೆಂಗಸರಲ್ಲಿ ಶೇ. 23 ಮಾತ್ರ. ಅಂದರೆ ನಾಲ್ವರು ಹೆಂಗಸರಲ್ಲಿ ಒಬ್ಬಳೂ ಪೂರ್ತಿ ಇಲ್ಲ. ಉಳಿದವರೆಲ್ಲ ಕೈಲಾಗದವರೇ? ಅಲ್ಲ. ಅವರ ಕೈಗೆ ಹೊಂದುವಂತೆ ಕೆಲಸವನ್ನು ಒಂದಿಷ್ಟು ಬದಲಿಸಿಕೊಡಲು ಯಾರೂ ಮುಂದಾಗಲಿಲ್ಲ, ಅಷ್ಟೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಕುಟುಂಬವು ತುಮಕೂರು, ಗುಬ್ಬಿ, ಕುಣಿಗಲ್ ಎಂದು ಮೂರು ಊರುಗಳಲ್ಲಿ ಹರಡಿಕೊಂಡಿದೆ. ಮೂರೂ ಕಡೆ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಡಕ್ಕೆ ಸರಿದ ಪೆಡಲ್

ನನ್ನ ತಂಗಿಗೆ ಒಂದೂವರೆ ವರ್ಷವಿದ್ದಾಗ ಪೋಲಿಯೋ ಬಂದು ಬಲಗಾಲು ಸೊರಗಿಹೋಯಿತು. ಅದು 1980ರ ದಶಕ. ಭಾರತವು ಪೋಲಿಯೋದಿಂದ ಮುಕ್ತವಾಯಿತೆಂದು ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ಇಂದಿನ ಮಕ್ಕಳಿಗೆ ಆ ಭಯವಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ತಲೆಮಾರಿನಲ್ಲಿ ಕಾಲು ಕಳೆದುಕೊಂಡವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ನೋಡಿಕೊಳ್ಳುತ್ತಿದ್ದ ತಂದೆತಾಯಿಗಳು ಮುದುಕರಾಗಿದ್ದಾರೆ, ಇಲ್ಲವೇ ತೀರಿಕೊಂಡಿದ್ದಾರೆ.

ನಮ್ಮ ಅಬ್ಬು ಬಡಗಿ ಕೆಲಸ ಮಾಡುತ್ತಿದ್ದರು. ‘ನಾನಿರುವವರೆಗೆ ಅವಳು ಹೊರಗೆ ದುಡಿಯುವುದು ಬೇಡ’ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ತುಮಕೂರಿನ ಬಾಡಿಗೆ ಮನೆಯಲ್ಲಿ ಉಳಿದದ್ದು ಅಮ್ಮಿ ಮತ್ತು ತಂಗಿ ಇಬ್ಬರೇ. ತಂಗಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಕೈಯಿಂದ ತಿರುಗಿಸುವ ಮಷಿನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ್ ಹೊಲಿಯುತ್ತಿದ್ದಳು. ರಮಝಾನ್ ಬಂದರೆ ರಾತ್ರಿಯಿಡೀ ಕೆಲಸ, ಉಳಿದ ತಿಂಗಳು ಕೈ ಖಾಲಿ. ಕೊನೆಗೆ ಅವಳೇ ಹೇಳಿದಳು, ‘ಆಪಾ, ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ’.

ಮೊದಲು ಹೋದ ಕಾರ್ಖಾನೆಯಲ್ಲಿ ಗೇಟಿನಲ್ಲೇ ಅವಳ ನಡಿಗೆ ನೋಡಿ, ‘ಇಲ್ಲಿ ಕಾಲು ಗಟ್ಟಿ ಇರಬೇಕಮ್ಮ’ ಎಂದು ವಾಪಸು ಕಳಿಸಿದರು. ಅವಳ ಹೊಲಿಗೆಯನ್ನು ಯಾರೂ ನೋಡಲೇ ಇಲ್ಲ. ಎರಡನೆಯ ಕಾರ್ಖಾನೆಯಲ್ಲಿ ಕರುಣೆ ತೋರಿಸಿ ಸೇರಿಸಿಕೊಂಡರು. ಆದರೆ ಮಷಿನ್ ಕೊಡಲಿಲ್ಲ. ‘ನಿನಗೆ ಪೆಡಲ್ ತುಳಿಯೋಕೆ ಆಗಲ್ಲ’ ಎಂದು ನೂಲು ಕತ್ತರಿಸುವ, ಬಟ್ಟೆ ಚೆಕ್ ಮಾಡುವ ಮೇಜಿಗೆ ಹಾಕಿದರು. ಸುಲಭದ ಕೆಲಸ ಎಂದು ಅವರ ಲೆಕ್ಕ. ಆ ಕೆಲಸವನ್ನು ದಿನವಿಡೀ ನಿಂತೇ ಮಾಡಬೇಕಿತ್ತು! ಮೂರು ವಾರದಲ್ಲಿ ಚೆನ್ನಾಗಿದ್ದ ಎಡಗಾಲಿನ ಮಂಡಿಯೂ ಊದಿಕೊಂಡಿತು. ರಾತ್ರಿ ಅಮ್ಮಿ ಬಿಸಿನೀರಿನ ಶಾಖ ಕೊಡುತ್ತಾ, ‘ಬೇಡ ಬಿಡು ಬೇಟಾ, ಒಂದು ಹೊತ್ತು ಉಂಡರೂ ಸಾಕು’ ಎಂದು ಅಳುತ್ತಿದ್ದರು.

ಕೆಲಸ ಬಿಡುವ ಮಾತು ಹೇಳಲು ಹೋದ ದಿನ ಲೈನ್ ಸೂಪರ್‌ವೈಸರ್ ಹೆಂಗಸು ಒಂದು ಪ್ರಶ್ನೆ ಕೇಳಿದಳು. ‘ನಿನಗೆ ಕೂತು ಹೊಲಿಯೋಕೆ ಬರುತ್ತಲ್ವಾ, ಮತ್ತೆ ಅಡ್ಡಿ ಎಲ್ಲಿ?’ ತಂಗಿ ಮಷಿನ್ ಮುಂದೆ ಕೂತು ತೋರಿಸಿದಳು. ಕಾರ್ಖಾನೆಯ ಮಷಿನ್ ಕರೆಂಟಿನಲ್ಲಿ ಓಡುತ್ತದೆ, ಬಲವಾಗಿ ತುಳಿಯುವುದೇನೂ ಇಲ್ಲ. ಆದರೆ ಪೆಡಲನ್ನು ಬಲಗಾಲಿಗೆ ಅನುಕೂಲವಾಗುವಂತೆ ಜೋಡಿಸಿರುತ್ತಾರೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಮೇಲೆತ್ತಲು ಬಲ ಮಂಡಿಯಿಂದ ತಳ್ಳುವ ಒಂದು ಪಟ್ಟಿ ಇರುತ್ತದೆ. ಅಡ್ಡಿ ಇದ್ದದ್ದು ಇವೆರಡರಲ್ಲಿ ಮಾತ್ರ. ಮೆಕ್ಯಾನಿಕ್ ಹುಡುಗನನ್ನು ಕರೆದರು. ಅವನು ಪೆಡಲನ್ನು ಎಡಗಾಲಿನ ನೇರಕ್ಕೆ ಸರಿಸಿದ. ಮಂಡಿಯ ಪಟ್ಟಿಯನ್ನು ಕಳಚಿಟ್ಟ. ಮಷಿನ್‌ನ ಹಿಂಬದಿಯಲ್ಲಿ ಕೈಯಿಂದ ಎತ್ತುವ ಸಣ್ಣ ಹಿಡಿ ಮೊದಲಿನಿಂದಲೂ ಇತ್ತು, ಅದನ್ನು ಬಳಸಲು ತೋರಿಸಿದ. ಮೇಜಿನ ಕಾಲಿನ ಬೋಲ್ಟ್ ಸಡಿಲಿಸಿ ಎತ್ತರ ಸರಿಮಾಡಿದ. ಬೆನ್ನಿಗೆ ಒರಗಿರುವ ಒಂದು ಕುರ್ಚಿ ತಂದುಕೊಟ್ಟರು. ಎಲ್ಲಕ್ಕೂ ಹಿಡಿದದ್ದು ಒಂದು ಗಂಟೆಗಿಂತ ಕಡಿಮೆ.

ಮೊದಲ ತಿಂಗಳು ತಂಗಿ ಟಾರ್ಗೆಟ್‌ನ ಅರ್ಧ ಮುಟ್ಟಿದಳು. ಕೈಯಿಂದ ಎತ್ತುವ ಅಭ್ಯಾಸವಾಗಬೇಕಿತ್ತು. ಮೂರನೆಯ ತಿಂಗಳಲ್ಲಿ ಪಕ್ಕದವರ ಸಮಕ್ಕೆ ಬಂದಳು.

ಇನ್ನೊಂದು ವಿಷಯವನ್ನು ಹೆಂಗಸರ ನಡುವೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಶೌಚಾಲಯವು ನಾಲ್ಕು ಮೆಟ್ಟಿಲಿನ ಕೆಳಗಿತ್ತು, ಕೂರಲು ಕಮೋಡ್ ಇರಲಿಲ್ಲ. ತಂಗಿ ಅಲ್ಲಿಗೆ ಹೋಗುವುದನ್ನು ತಪ್ಪಿಸಲು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಮೂತ್ರದ ಸೋಂಕಾಗಿ ಎರಡು ಬಾರಿ ಮಲಗಿದಳು. ಇಂಥದ್ದನ್ನು ಗಂಡಸು ಮ್ಯಾನೇಜರನ ಮುಂದೆ ಹೇಳಲು ಯಾವ ಹೆಣ್ಣಿಗೆ ಬಾಯಿ ಬರುತ್ತದೆ? ಕೊನೆಗೆ ಇಬ್ಬರು ಗರ್ಭಿಣಿಯರನ್ನು ಜೊತೆಗೆ ಕರೆದುಕೊಂಡು ಸೂಪರ್‌ವೈಸರ್ ಮೂಲಕ ಕೇಳಿದಳು. ಒಂದು ಶೌಚಾಲಯಕ್ಕೆ ಕಮೋಡ್ ಕೂರಿಸಿದರು, ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಹಾಕಿದರು. ಈಗ ಅದನ್ನು ಬಳಸುವವರಲ್ಲಿ ಗರ್ಭಿಣಿಯರು, ಮಂಡಿನೋವಿನವರು, ವಯಸ್ಸಾದವರೇ ಹೆಚ್ಚು. ಒಬ್ಬಳಿಗೆಂದು ಮಾಡಿದ ಅನುಕೂಲ ಹತ್ತು ಜನರಿಗಾಯಿತು.

ನಮ್ಮ ಮನೆಯಲ್ಲಿ ಇದರಿಂದ ಆದ ದೊಡ್ಡ ಬದಲಾವಣೆ ಸಂಬಳವಲ್ಲ. ಪ್ರತಿ ರಮಝಾನಿನ ಕೊನೆಯಲ್ಲಿ ಬಂಧುಗಳು ಬಂದು ತಂಗಿಯ ಮುಷ್ಟಿಯಲ್ಲಿ ಝಕಾತಿನ ಹಣ ಇಟ್ಟು ಹೋಗುತ್ತಿದ್ದರು. ಅವಳು ತಲೆತಗ್ಗಿಸಿ ತೆಗೆದುಕೊಳ್ಳುತ್ತಿದ್ದಳು. ಕೆಲಸಕ್ಕೆ ಸೇರಿದ ಮರುವರ್ಷ ಅವಳೇ ತನ್ನ ಮತ್ತು ಅಮ್ಮಿಯ ಫಿತ್ರ್ ಝಕಾತನ್ನು ಅಳೆದು ಬೇರೊಂದು ಮನೆಗೆ ಕೊಟ್ಟುಬಂದಳು. ಪಡೆಯುವ ಕೈ ಕೊಡುವ ಕೈಯಾಯಿತು. ಒಂದು ಪೆಡಲ್ ಒಂದು ಅಡಿ ಎಡಕ್ಕೆ ಸರಿದದ್ದರಿಂದ!

ಇದು ಉಪಕಾರವಲ್ಲ, ಹಕ್ಕು

ಕಾನೂನಿನಲ್ಲಿ ಇದಕ್ಕೆ ‘ಸಮಂಜಸ ಹೊಂದಾಣಿಕೆ’ ಎಂದು ಹೇಳಬಹುದಾದ ಒಂದು ಹೆಸರಿದೆ. ಮಾಲೀಕನಿಗೆ ತೀರಾ ಹೊರೆಯಾಗದಂತೆ, ಆ ವ್ಯಕ್ತಿಯು ಇತರರಂತೆ ಕೆಲಸ ಮಾಡಲು ಬೇಕಾದ ಬದಲಾವಣೆಯನ್ನು ಮಾಡಿಕೊಡುವುದು ಎಂದು ಅದರ ತಾತ್ಪರ್ಯ. ವಿಕಲಚೇತನರಿಗಾಗಿ ನಮ್ಮ ದೇಶದಲ್ಲಿ ಮೊದಲು ಸಮಗ್ರ ಕಾನೂನು ಬಂದದ್ದು 1995ರಲ್ಲಿ. ಅದರ ಜಾಗದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾನೂನಿನಲ್ಲಿ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಲಾಗಿತ್ತು, ಈಗ 21. ಸರಕಾರಿ ಉದ್ಯೋಗದಲ್ಲಿ ಮೀಸಲಾತಿ ಶೇ. 3 ಇದ್ದದ್ದು ಕನಿಷ್ಠ ಶೇ. 4 ಆಯಿತು. ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ ಎಂದು ಈ ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಈ ಕಾನೂನುಗಳು ತಾವಾಗಿಯೇ ಬಂದವಲ್ಲ. ಅದಕ್ಕಾಗಿ ಗಾಲಿಕುರ್ಚಿಯಲ್ಲೇ ಕುಳಿತು ದೆಹಲಿಯ ಬೀದಿಗಿಳಿದವರಲ್ಲಿ ಮುಂಚೂಣಿಯಲ್ಲಿದ್ದವರು ಅಲಿಗಢದಲ್ಲಿ ಹುಟ್ಟಿದ ಜಾವೆದ್ ಅಬಿದಿ. ಬೆನ್ನುಹುರಿಯ ಹುಟ್ಟು ದೋಷವಿದ್ದ ಅವರು ಪತ್ರಿಕೋದ್ಯಮ ಓದಿದ್ದರು. ವಿಕಲಚೇತನರಿಗೆ ಉದ್ಯೋಗ ದೊರಕಿಸುವ ಕೆಲಸಕ್ಕೆ ತಮ್ಮ ಬದುಕನ್ನೇ ಮುಡಿಪಿಟ್ಟು 2018ರಲ್ಲಿ ನಿಧನರಾದರು. ಅವರು ಕೇಳಿದ್ದು ದಾನವನ್ನಲ್ಲ, ಹಕ್ಕನ್ನು.

ಇದು ಇಂದಿನ ಕಾಲದ, ಪಶ್ಚಿಮದಿಂದ ಬಂದ ವಿಚಾರ ಎಂದು ಯಾರಾದರೂ ಭಾವಿಸಿದರೆ ಅವರಿಗೆ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅವರನ್ನು ನೆನಪಿಸಬೇಕು. ಅವರು ಅಂಧರಾಗಿದ್ದರೆಂಬುದು ನಮಗೆಲ್ಲ ಗೊತ್ತು. ಮದೀನಾದಲ್ಲಿ ಬಿಲಾಲ್(ರ) ಅವರು ರಾತ್ರಿ ಇನ್ನೂ ಉಳಿದಿರುವಾಗಲೇ ಅಝಾನ್ ಕೊಡುತ್ತಿದ್ದರು. ಉಪವಾಸಿಗರು ಅನ್ನಪಾನೀಯ ನಿಲ್ಲಿಸಬೇಕಾದದ್ದು ಇಬ್ನು ಉಮ್ಮಿ ಮಕ್ತೂಮರ ಅಝಾನ್ ಕೇಳಿದಾಗ. ಯೋಚಿಸಿ ನೋಡಿ! ಬೆಳಗಾದದ್ದನ್ನು ಸಾರಬೇಕಾದ ಹೊಣೆಯನ್ನು ಬೆಳಕನ್ನೇ ಕಾಣದ ವ್ಯಕ್ತಿಗೆ ಒಪ್ಪಿಸಲಾಗಿತ್ತು. ಅದು ಹೇಗೆ ಸಾಧ್ಯವಾಯಿತು? ಬೆಳಗಾಯಿತೆಂದು ಜನರು ಅವರಿಗೆ ತಿಳಿಸುತ್ತಿದ್ದರು, ಆಮೇಲೆ ಅವರು ಅಝಾನ್ ಕೊಡುತ್ತಿದ್ದರು ಎಂದು ಬುಖಾರಿಯಲ್ಲಿ ವರದಿಯಾಗಿದೆ. ‘ನಿಮಗೆ ಕಣ್ಣಿಲ್ಲ, ಮನೆಯಲ್ಲಿರಿ, ನಾವು ನೋಡಿಕೊಳ್ಳುತ್ತೇವೆ’ ಎಂದು ಯಾರೂ ಹೇಳಲಿಲ್ಲ. ಕೆಲಸ ಅವರದ್ದೇ ಆಗಿತ್ತು. ಅವರಿಗೆ ಬೇಕಾಗಿದ್ದ ಒಂದು ಮಾತಿನ ಸಹಾಯವನ್ನು ಸುತ್ತಲಿನವರು ಮಾಡಿದರು. ಇಂದಿನ ಕಾನೂನು ಹೇಳುವುದೂ ಇದನ್ನೇ ಅಲ್ಲವೇ?

ಗುಬ್ಬಿಯಲ್ಲಿ ಭಾಯಿಜಾನ್

ನನ್ನ ಪತಿಯ ಅಣ್ಣ ಗುಬ್ಬಿ ತಾಲೂಕಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ತಾಗಿತು. ಲೇಸರ್ ಚಿಕಿತ್ಸೆಯಾದರೂ ಹೋದ ದೃಷ್ಟಿ ಮರಳಲಿಲ್ಲ. 51ನೆಯ ವಯಸ್ಸಿನಲ್ಲಿ ಕಡತದ ಅಕ್ಷರಗಳು ಅವರಿಗೆ ಕಪ್ಪು ಗೆರೆಗಳಾದವು. ಕಚೇರಿಯಲ್ಲಿ ಎಲ್ಲರೂ ಒಳ್ಳೆಯ ಮಾತಿನಲ್ಲೇ, ‘ಸಾಹೇಬ್ರೇ, ಯಾಕೆ ಕಷ್ಟ, ಸ್ವಯಂ ನಿವೃತ್ತಿ ತಗೊಳ್ಳಿ’ ಎಂದರು. ಭಾಯಿಜಾನ್ ಅರ್ಜಿ ಬರೆಸಲು ಸಿದ್ಧರಾಗಿದ್ದರು. ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಓದುವ ಮಗ.

ತಡೆದವರು ಭಾಭಿ. ಅವರು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಆದರೆ ಮಗಳಿಂದ ಕಾನೂನಿನ ಪ್ರತಿಯನ್ನು ತರಿಸಿ ಓದಿಸಿಕೊಂಡರು. 2016ರ ಅಧಿನಿಯಮದ 20ನೆಯ ಕಲಮಿನಲ್ಲಿ ಹೀಗಿದೆ: ಸೇವೆಯಲ್ಲಿರುವಾಗ ವೈಕಲ್ಯ ಉಂಟಾದ ನೌಕರನನ್ನು ಸರಕಾರಿ ಸಂಸ್ಥೆಯು ತೆಗೆದುಹಾಕುವಂತಿಲ್ಲ, ದರ್ಜೆಯನ್ನೂ ಇಳಿಸುವಂತಿಲ್ಲ. ಇದ್ದ ಹುದ್ದೆಗೆ ಅವನು ಹೊಂದದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ, ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. 1995ರ ಕಾನೂನಿನಲ್ಲೂ ಇಂಥದೇ ರಕ್ಷಣೆ ಇತ್ತು. ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿತ್ತು.

ಭಾಭಿ ನಿವೃತ್ತಿ ಅರ್ಜಿಯ ಬದಲು ಹೊಂದಾಣಿಕೆಯ ಅರ್ಜಿ ಬರೆಸಿದರು. ಸುಮ್ಮನೆ ‘ಸಹಾಯ ಮಾಡಿ’ ಎಂದಲ್ಲ. ಏನೇನು ಬೇಕೆಂದು ಒಂದು, ಎರಡು, ಮೂರು ಎಂದು ಬರೆಸಿದರು. ಕಡತ ನೋಡುವ ಕೆಲಸದಿಂದ ದೂರವಾಣಿ ಮತ್ತು ಸಾರ್ವಜನಿಕರ ವಿಚಾರಣೆಯ ಮೇಜಿಗೆ ಬದಲಾವಣೆ. ಅಕ್ಷರವನ್ನು ಓದಿ ಹೇಳುವ ತಂತ್ರಾಂಶವಿರುವ ಕಂಪ್ಯೂಟರು. ಅದನ್ನು ಕಲಿಯಲು ಬೆಂಗಳೂರಿಗೆ ಹೋಗಿಬರಲು ಅನುಮತಿ. ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಮೂರು ಬಾರಿ ನೆನಪೋಲೆ ಕೊಡಬೇಕಾಯಿತು. ಆದರೆ ಬಂತು.

ಆ ತಂತ್ರಾಂಶದ ಹೆಸರು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಆರಂಭಿಸಿದ್ದು. ಪೂರ್ತಿ ಉಚಿತ, ಕನ್ನಡವನ್ನೂ ಓದಿ ಹೇಳುತ್ತದೆ. ಮೊದಮೊದಲು ಆ ಯಂತ್ರದ ಉಚ್ಚಾರ ಕೇಳಿ ಮನೆಯ ಮಕ್ಕಳೆಲ್ಲ ನಗುತ್ತಿದ್ದರು. ಈಗ ಭಾಯಿಜಾನ್ ಅದನ್ನು ಎಷ್ಟು ವೇಗವಾಗಿ ಓಡಿಸುತ್ತಾರೆಂದರೆ ನಮಗೆ ಒಂದು ಪದವೂ ತಿಳಿಯುವುದಿಲ್ಲ. ಕೈಬರಹದ ಅರ್ಜಿಗಳನ್ನು ಮಾತ್ರ ಸಹೋದ್ಯೋಗಿಯೊಬ್ಬರು ಓದಿ ಹೇಳುತ್ತಾರೆ. ಇಪ್ಪತ್ತೈದು ವರ್ಷದ ಅನುಭವ ಇರುವುದು ತಲೆಯಲ್ಲಿ, ಕಣ್ಣಿನಲ್ಲಲ್ಲ. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕೆಂದು ಅವರಷ್ಟು ಚೆನ್ನಾಗಿ ಹೇಳುವವರು ಆ ಕಚೇರಿಯಲ್ಲಿ ಇನ್ನೊಬ್ಬರಿಲ್ಲ ಎಂದು ಹಳ್ಳಿಯಿಂದ ಬರುವವರೇ ಹೇಳುತ್ತಾರೆ.

ಕುಣಿಗಲ್‌ನಲ್ಲಿ ಮಾಮುವಿನ ಮಗ

ಕುಣಿಗಲ್‌ನಲ್ಲಿರುವ ನಮ್ಮ ಮಾಮುವಿನ ಮಗನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ತೆಂಗು, ಅಡಿಕೆ ತೋಟಗಳ ಊರಲ್ಲವೇ, ಬೋರ್‌ವೆಲ್ ಮೋಟರು ಸುಟ್ಟುಹೋಗುವುದಕ್ಕೆ ಕೊನೆಯೇ ಇಲ್ಲ. ಅವನು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತುತ್ತಾನೆ. ಅವನನ್ನು ಸೇರಿಸುವಾಗ ಅಂಗಡಿಯ ಯಜಮಾನರಿಗೆ ಇದ್ದದ್ದು ಎರಡೇ ಚಿಂತೆ. ಕರೆದರೆ ಕೇಳುವುದಿಲ್ಲ, ಕರೆಂಟಿನ ಕೆಲಸ, ಅಪಾಯವಾದರೆ? ರಿಪೇರಿಯಾದ ಮೋಟರಿನ ಬೇರಿಂಗ್ ಸದ್ದು ಕೇಳಿ ಸರಿಯಿದೆಯೋ ಇಲ್ಲವೋ ಹೇಳಬೇಕು, ಅದು ಹೇಗೆ?

ಮೊದಲನೆಯದಕ್ಕೆ ಯಜಮಾನರೇ ದಾರಿ ಕಂಡುಕೊಂಡರು. ಅವನ ಮೇಜಿನ ಎದುರಿಗೆ ಒಂದು ಕೆಂಪು ಬಲ್ಬು ಹಾಕಿ ಸ್ವಿಚ್ಚನ್ನು ಗಲ್ಲಾದ ಬಳಿ ಇಟ್ಟುಕೊಂಡರು. ಬಲ್ಬು ಹೊತ್ತಿದರೆ ಕೈ ತೆಗೆದು ತಿರುಗಿ ನೋಡಬೇಕೆಂದು ಪಾಠ. ಲೈನಿಗೆ ಕರೆಂಟು ಕೊಡುವ ಮುನ್ನವೂ ಅದೇ ಗುರುತು. ಎರಡನೆಯದಕ್ಕೆ ದಾರಿ ಕಂಡುಕೊಂಡವನು ಹುಡುಗನೇ. ಇತರರು ಸ್ಕ್ರೂಡ್ರೈವರನ್ನು ಮೋಟರಿಗೆ ಒತ್ತಿ ಹಿಡಿಯನ್ನು ಕಿವಿಗಿಡುತ್ತಾರೆ. ಇವನು ಅಂಗೈ ಇಡುತ್ತಾನೆ. ಬೇರಿಂಗ್ ಸವೆದಿದ್ದರೆ ನಡುಕ ಅಂಗೈಗೆ ತಿಳಿಯುತ್ತದೆ. ರೈತರು ಬಂದರೆ ಮಾತಿಗೆ ಒಂದು ಸ್ಲೇಟು, ಈಗ ಮೊಬೈಲು. ಮೋಟರು ಎಷ್ಟು ಎಚ್‌ಪಿ, ಯಾವತ್ತು ಬೇಕು, ಎಷ್ಟು ದುಡ್ಡು. ವ್ಯವಹಾರಕ್ಕೆ ಇದಕ್ಕಿಂತ ಹೆಚ್ಚಿನ ಮಾತು ಬೇಕೇ? ಚೌಕಾಸಿ ಮಾಡುವವರು ಮಾತ್ರ ಸೋತು ಹೋಗುತ್ತಾರೆ ಎಂದು ಮಾಮು ನಗುತ್ತಾರೆ.

ಮನೆಯಲ್ಲೇ ಮಾಡುವ ಕೆಲಸಕ್ಕೂ ಇದೇ ಮಾತು

ನಮ್ಮಲ್ಲಿ ಎಷ್ಟೋ ಸಹೋದರಿಯರು ಮನೆಯಲ್ಲೇ ಬೀಡಿ ಕಟ್ಟುತ್ತಾರೆ, ಊದುಬತ್ತಿ ಹೊಸೆಯುತ್ತಾರೆ. ತುಮಕೂರಿನಲ್ಲಿ ನಮ್ಮ ನೆರೆಯ ಮನೆಯ ಹುಡುಗಿಗೆ ಬುದ್ಧಿ ಬೆಳವಣಿಗೆ ನಿಧಾನ. ಊದುಬತ್ತಿ ಹೊಸೆಯಲು ಕೈ ಚೆನ್ನಾಗಿ ಓಡುತ್ತದೆ. ಆದರೆ ಎಣಿಕೆ ಬಾರದು. ನೂರು ಕಡ್ಡಿಯ ಕಟ್ಟು ಕಟ್ಟಲು ಹೇಳಿದರೆ ಒಮ್ಮೆ ಅರವತ್ತು, ಒಮ್ಮೆ ನೂರೈವತ್ತು. ಅವಳ ತಾಯಿ ಒಂದು ಉಪಾಯ ಮಾಡಿದರು. ಚಿಕ್ಕ ಮಗುವಿನ ಹಳೆಯ ಲೋಹದ ಬಳೆಗಳನ್ನು ಹುಡುಕಿ, ನೂರು ಕಡ್ಡಿ ಬಿಗಿಯಾಗಿ ಕೂರುವಂಥದ್ದನ್ನು ಆರಿಸಿ ಕೊಟ್ಟರು. ಬಳೆ ತುಂಬಿದರೆ ಲೆಕ್ಕ ತುಂಬಿತು. ಒಂದೆರಡು ಹೆಚ್ಚುಕಡಿಮೆಯಾದರೆ ತಾಯಿ ಕೊನೆಗೊಮ್ಮೆ ನೋಡುತ್ತಾರೆ. ಆ ತಾಯಿಗೆ ಓದು ಬಾರದು, ಕಾನೂನಿನ ಹೆಸರೂ ಗೊತ್ತಿಲ್ಲ. ಆದರೆ ಕೆಲಸವನ್ನು ವ್ಯಕ್ತಿಗೆ ಹೊಂದಿಸುವುದೆಂದರೆ ಏನೆಂದು ಅವರಿಗಿಂತ ಚೆನ್ನಾಗಿ ಯಾರು ತೋರಿಸಿದ್ದಾರೆ?

ನೀವು ಏನು ಮಾಡಬಹುದು?

ಮೊದಲನೆಯದಾಗಿ, ಯುಡಿಐಡಿ ಕಾರ್ಡು ಮಾಡಿಸಿ. ಕೇಂದ್ರ ಸರಕಾರದ ‘ಸ್ವಾವಲಂಬನ್’ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಸರಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸುತ್ತಾರೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರಬೇಕು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಬಹಳಷ್ಟು ಜನರಿಗೆ ಅಂಥವರೊಬ್ಬರು ಇದ್ದಾರೆಂದೇ ತಿಳಿದಿಲ್ಲ. ಅವರೂ ಹೆಚ್ಚಾಗಿ ವಿಕಲಚೇತನರೇ ಆಗಿರುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಿದೆ. ಸ್ವಂತ ಉದ್ಯೋಗ ಮಾಡುವವರು ‘ಆಧಾರ’ ಯೋಜನೆಯ ಸಾಲ ಮತ್ತು ಸಹಾಯಧನದ ಬಗ್ಗೆ ಅಲ್ಲೇ ವಿಚಾರಿಸಬಹುದು.

ಎರಡನೆಯದಾಗಿ, ಕೆಲಸದ ಸ್ಥಳದಲ್ಲಿ ಕೇಳುವಾಗ ಬಿಡಿಸಿ ಕೇಳಿ. ‘ನನಗೆ ಕಷ್ಟ’ ಎಂದರೆ ಮಾಲೀಕನಿಗೆ ಏನೂ ತಿಳಿಯುವುದಿಲ್ಲ, ಕನಿಕರವಷ್ಟೇ ಬರುತ್ತದೆ. ‘ಬೆನ್ನೊರಗಿನ ಕುರ್ಚಿ ಬೇಕು’, ‘ಸೂಚನೆಯನ್ನು ಬರೆದು ಕೊಡಿ’, ‘ನೆಲಮಹಡಿಯಲ್ಲಿ ಮೇಜು ಕೊಡಿ’, ‘ಬಸ್ಸಿನ ನೂಕುನುಗ್ಗಲು ತಪ್ಪಿಸಲು ಅರ್ಧ ಗಂಟೆ ಮೊದಲು ಬಂದು ಅರ್ಧ ಗಂಟೆ ಮೊದಲು ಹೋಗಲು ಬಿಡಿ’ ಎಂದರೆ ಅವನು ಹೌದು ಅಥವಾ ಇಲ್ಲ ಎನ್ನಲೇಬೇಕು. ಸಾಧ್ಯವಾದರೆ ಬರಹದಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. 20 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಯು ವಿಕಲಚೇತನರಿಗೆ ಯಾವ ಹುದ್ದೆ, ಏನೇನು ಸೌಲಭ್ಯ ಎಂದು ತಿಳಿಸುವ ‘ಸಮಾನ ಅವಕಾಶ ನೀತಿ’ಯನ್ನು ಪ್ರಕಟಿಸಬೇಕು, ಇದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ಸರಕಾರಿ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲೆ ರಾಜ್ಯ ಆಯುಕ್ತರಿದ್ದಾರೆ.

ಮೂರನೆಯದಾಗಿ, ತರಬೇತಿ ಕೊಡುವವರನ್ನು ಹುಡುಕಿ. ನಮ್ಮ ಜಿಲ್ಲೆಗೆ ಬೆಂಗಳೂರು ಹತ್ತಿರ. ಪೋಲಿಯೋಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಅಲ್ಲಿದೆ. ತಮ್ಮನ ದೃಷ್ಟಿ ಹೋದಾಗ ಅವನಿಗೆ ದಾರಿ ಹುಡುಕುತ್ತಾ ಶಾಂತಿ ರಾಘವನ್ ಅವರು ದೀಪೇಶ್ ಸುತಾರಿಯಾ ಅವರೊಂದಿಗೆ 1999ರಲ್ಲಿ ಆರಂಭಿಸಿದ ‘ಎನೇಬಲ್ ಇಂಡಿಯಾ’ ಇದೆ. ಇಂಥ ಸಂಸ್ಥೆಗಳು ಕೆಲಸ ಕಲಿಸುವುದರ ಜೊತೆಗೆ, ಅವರನ್ನು ಸೇರಿಸಿಕೊಳ್ಳುವ ಕಂಪೆನಿಗಳಿಗೂ ಏನು ಬದಲಿಸಬೇಕೆಂದು ತಿಳಿಸಿಕೊಡುತ್ತವೆ.

ಇನ್ನು ಮನೆಯೊಳಗಿನ ಮಾತು. ಕಾರ್ಖಾನೆಯ ಗೇಟಿಗಿಂತ ಗಟ್ಟಿಯಾದದ್ದು ಕೆಲವೊಮ್ಮೆ ನಮ್ಮ ಮನೆಯ ಬಾಗಿಲು. ‘ಹೊರಗೆ ಕಳಿಸಿದರೆ ಜನ ಏನಂದಾರು?’ ‘ಅಣ್ಣಂದಿರಿದ್ದಾರಲ್ಲ, ಎರಡು ರೊಟ್ಟಿ ಹಾಕುವುದಿಲ್ಲವೇ?’ ಹಾಕುತ್ತಾರೆ, ಖಂಡಿತ ಹಾಕುತ್ತಾರೆ. ಆದರೆ ಇನ್ನೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ಉಣ್ಣುವವಳ ಗಂಟಲಿನಲ್ಲಿ ಆ ರೊಟ್ಟಿ ಹೇಗೆ ಇಳಿಯುತ್ತದೆಂದು ಅವಳಿಗೆ ಮಾತ್ರ ಗೊತ್ತು. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಆದರೂ ಬಸ್ಸಿನ ಮೆಟ್ಟಿಲು ಎತ್ತರ. ತಂಗಿ ಹತ್ತುವಾಗ ಕೈ ಹಿಡಿಯುವವರು ಬೇಕು. ಆ ಕೈ ಅಣ್ಣನದ್ದಾಗಬಹುದು, ಅತ್ತಿಗೆಯದ್ದಾಗಬಹುದು. ಉದ್ಯೋಗಕ್ಕೆ ಬೆಂಬಲವೆಂದರೆ ಅದೂ ಒಂದು.

ಅಂಗಡಿ, ಬೇಕರಿ, ಟೈಲರಿಂಗ್ ಕೇಂದ್ರ, ಶಾಲೆ, ಗೋದಾಮು ನಡೆಸುವ ಎಷ್ಟೋ ಕುಟುಂಬಗಳು ನಮ್ಮಲ್ಲೇ ಇವೆ. ಖರ್ಚಾದೀತೆಂದು ಅವರು ಹೆದರಬೇಕಿಲ್ಲ. ನಾನು ಮೇಲೆ ಹೇಳಿದ್ದನ್ನೆಲ್ಲ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಕುರ್ಚಿ, ಒಂದು ಕೆಂಪು ಬಲ್ಬು, ಉಚಿತ ತಂತ್ರಾಂಶ, ಮಗುವಿನ ಒಂದು ಹಳೆಯ ಬಳೆ. ತುಸು ದುಬಾರಿಯಾದದ್ದು ಶೌಚಾಲಯ, ಅದು ಎಲ್ಲರಿಗೂ ಉಪಯೋಗವಾಯಿತು.

ತುಮಕೂರಿನ ವಸಂತನರಸಾಪುರದಲ್ಲಿ, ಕುಣಿಗಲ್‌ನ ಅಂಚೆಪಾಳ್ಯದಲ್ಲಿ ಕಾರ್ಖಾನೆಗಳು ಎದ್ದಿವೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ನಮ್ಮ ಜಿಲ್ಲೆಗೆ ಕೆಲಸ ಬರುತ್ತಿದೆ. ಆ ಸಾಲಿನಲ್ಲಿ ನಮ್ಮ ಮನೆಯ ಮೂಲೆಯಲ್ಲಿ ಕೂತಿರುವ ತಂಗಿಗೂ, ಮಗನಿಗೂ ಒಂದು ಜಾಗವಿರಬೇಕಾದರೆ ಅವರ ಪರವಾಗಿ ಮೊದಲು ಬಾಯಿ ತೆರೆಯಬೇಕಾದವರು ನಾವೇ.

ಮುಂದಿನ ಬಾರಿ ಮದುವೆ ಮನೆಯಲ್ಲೋ ಹಬ್ಬದಲ್ಲೋ ಅಂಥ ಸಹೋದರಿಯೊಬ್ಬಳು ನಿಮಗೆ ಸಿಕ್ಕರೆ, ಪಕ್ಕದಲ್ಲಿ ಕುಳಿತು ಅವಳಿಗೆ ಯಾವ ಕೆಲಸ ಬರುತ್ತದೆಂದು ಕೇಳಿ. ಆಮೇಲೆ ಅದನ್ನು ಮಾಡಲು ಏನು ಅಡ್ಡಿಯಾಗಿದೆಯೆಂದು ಕೇಳಿ. ಅವಳು ಹೇಳುವ ಅಡ್ಡಿಯನ್ನು ನಿವಾರಿಸುವ ಸಾಧನವು ನಿಮ್ಮ ಮನೆಯಲ್ಲೇ ಇರಲೂಬಹುದು.